ಯುದ್ಧದ ಹೆಸರಿನ ಹೊದಿಕೆಯೊಳಗೆ ಒಬ್ಬ ಅರಸನ ಬದುಕು: ಪೆಂಗ್ವಿನ್ ಪ್ರಕಟಿಸಿದ ಜ್ವಾಂವಿಲ್

ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆಯಲ್ಲಿ 2008ರಲ್ಲಿ ಪ್ರಕಟವಾದ ‘ಕ್ರಾನಿಕಲ್ಸ್ ಆಫ್ ದ ಕ್ರುಸೇಡ್ಸ್’ ಎಂಬ ಪುಸ್ತಕವನ್ನು ಹೆಸರು ನೋಡಿ ಕೊಳ್ಳುವವರು ಕ್ರುಸೇಡ್ ಎಂಬ ಕ್ರೈಸ್ತ ಧರ್ಮಯುದ್ಧದ ವೃತ್ತಾಂತವನ್ನು ನಿರೀಕ್ಷಿಸುವುದು ಸಹಜ. ಯುದ್ಧ ಇದರಲ್ಲಿ ಧಾರಾಳವಾಗಿಯೇ ಇದೆ. ಆದರೆ ಎರಡು ಕೃತಿಗಳನ್ನು ಒಟ್ಟಿಗೆ ಹೊಲಿದಿರುವ ಈ ಸಂಪುಟದ ದೊಡ್ಡ ಭಾಗ, ಜ್ವಾಂವಿಲ್‌ನ ಪ್ರಭು ಝಾನ್ ಬರೆದದ್ದು, ಮೂಲತಃ ಯುದ್ಧದ ಪುಸ್ತಕವಲ್ಲ. ಅದು ಒಂಬತ್ತನೆಯ ಲೂಯಿ ಎಂಬ ಫ್ರಾನ್ಸಿನ ಅರಸನ ಜೀವನ ಚರಿತ್ರೆ. ಬರೆದವನೇ ತನ್ನ ಕೃತಿಯನ್ನು ನಮ್ಮ ಸಂತ ಅರಸ ಲೂಯಿಯ ಪವಿತ್ರ ಮಾತುಗಳ ಮತ್ತು ಒಳ್ಳೆಯ ಕಾರ್ಯಗಳ ಪುಸ್ತಕ ಎಂದು ಕರೆದುಕೊಂಡಿದ್ದಾನೆ. ಹೊದಿಕೆಯ ಮೇಲಿನ ಹೆಸರು ಈ ಮಾತನ್ನು ಮರೆಮಾಡುತ್ತದೆ ಎಂಬುದೇ ಈ ಆವೃತ್ತಿಯ ಬಗ್ಗೆ ನನಗಿರುವ ಮೊದಲ ಆಕ್ಷೇಪ. ಪುಸ್ತಕವನ್ನು ಕೊಳ್ಳಬೇಡಿ ಎಂದು ಹೇಳುವಷ್ಟು ದೊಡ್ಡ ಆಕ್ಷೇಪವೇನೂ ಅಲ್ಲ. ಎಲ್ಲಿಂದ ಓದಬೇಕು, ಏನನ್ನು ಹುಡುಕಬೇಕು ಎಂಬುದನ್ನು ಮಾತ್ರ ಅದು ಬದಲಿಸುತ್ತದೆ.

ಮೊದಲ ಕೃತಿ ವಿಲಾರ್ದುವೆನ್‌ನದು. ಜೆರುಸಲೇಮಿಗೆಂದು ಹೊರಟ ನಾಲ್ಕನೆಯ ಕ್ರುಸೇಡಿನ ಸೈನ್ಯ 1204ರಲ್ಲಿ ಕ್ರೈಸ್ತರದೇ ನಗರವಾದ ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿದ ಕಥೆಯನ್ನು, ಆ ದಂಡಯಾತ್ರೆಯ ಮುಂದಾಳುಗಳಲ್ಲಿ ಒಬ್ಬನಾಗಿದ್ದ ಈತ, ತನ್ನನ್ನೇ ‘ಅವನು’ ಎಂದು ಕರೆದುಕೊಳ್ಳುತ್ತ, ಕಡತ ಮಂಡಿಸುವ ಅಧಿಕಾರಿಯ ಗಾಂಭೀರ್ಯದಿಂದ ಹೇಳುತ್ತಾನೆ. ಎಲ್ಲವೂ ಸಕಾರಣವಾಗಿಯೇ ನಡೆಯಿತು ಎಂದು ಒಪ್ಪಿಸುವ ಆತುರ ಆ ಗದ್ಯದಲ್ಲಿದೆ. ಫ್ರೆಂಚ್ ಗದ್ಯದ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆಯೆಂಬುದನ್ನು ಒಪ್ಪಿಕೊಂಡೂ, ಅರಸರ ಬದುಕನ್ನು ಬರೆಯುವ ಬಗೆಯಲ್ಲಿ ಆಸಕ್ತಿಯುಳ್ಳ ಓದುಗರು ಅದನ್ನು ಆಮೇಲೆ ಓದಬಹುದು ಎಂದು ಹೇಳುತ್ತೇನೆ. ಸಂಪುಟವನ್ನು ನಡುವಿನಿಂದ ತೆರೆಯುವುದೇ ಲೇಸು.

ಜ್ವಾಂವಿಲ್ ಶಾಂಪೇನ್ ಪ್ರಾಂತ್ಯದ ಸೆನೆಷಲ್ ಆಗಿದ್ದವನು. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಒಬ್ಬ ದೊಡ್ಡ ಸಾಮಂತನ ಮನೆತನದ ಪಾರುಪತ್ಯಗಾರ. 1248ರಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಒಂಬತ್ತು ಮಂದಿ ನೈಟರನ್ನು, ಅಂದರೆ ಕುದುರೆ ಏರಿ ಕಾದುವ ಯೋಧರನ್ನು, ಕಟ್ಟಿಕೊಂಡು ಲೂಯಿಯ ಈಜಿಪ್ಟ್ ದಂಡಯಾತ್ರೆಗೆ ಹೊರಟ. ಸೈಪ್ರಸ್ ತಲಪುವಷ್ಟರಲ್ಲಿ ಕೈ ಬರಿದಾಗಿ, ಅರಸನ ಸಂಬಳಕ್ಕೆ ಸೇರಿಕೊಂಡ. ಅಲ್ಲಿಂದ ಆರಂಭವಾದ ಒಡನಾಟ ಇಪ್ಪತ್ತೆರಡು ವರ್ಷ ನಡೆಯಿತು. ಲೂಯಿ 1270ರಲ್ಲಿ ಟ್ಯುನಿಸ್ ಬಳಿ ತೀರಿಕೊಂಡ. 1282ರಲ್ಲಿ ಅವನನ್ನು ಸಂತನೆಂದು ಘೋಷಿಸುವ ವಿಚಾರಣೆ ನಡೆದಾಗ ಜ್ವಾಂವಿಲ್ ಸಾಕ್ಷಿ ನುಡಿದ. 1297ರಲ್ಲಿ ಎಂಟನೆಯ ಬಾನಿಫೇಸ್ ಪೋಪ್ ಆಗಿದ್ದಾಗ ಘೋಷಣೆ ಹೊರಬಿತ್ತು. ಆ ಬಳಿಕ ಲೂಯಿಯ ಮೊಮ್ಮಗ ನಾಲ್ಕನೆಯ ಫಿಲಿಪ್‌ನ ಹೆಂಡತಿ, ನವಾರ್ ರಾಣಿ ಝಾನ್, ಅಜ್ಜನ ಬಗ್ಗೆ ಪುಸ್ತಕ ಬರೆಯಿರೆಂದು ಈ ಮುದುಕನನ್ನು ಕೇಳಿಕೊಂಡಳು. ಪುಸ್ತಕ ಮುಗಿದದ್ದು 1309ರಲ್ಲಿ. ರಾಣಿ 1305ರಲ್ಲೇ ತೀರಿಕೊಂಡಿದ್ದರಿಂದ ಅದನ್ನು ಅವಳ ಮಗನಿಗೆ, ಮುಂದೆ ಹತ್ತನೆಯ ಲೂಯಿಯಾದವನಿಗೆ, ಅರ್ಪಿಸಲಾಯಿತು. ಎಂಬತ್ತು ದಾಟಿದವನೊಬ್ಬ ಅರವತ್ತು ವರ್ಷದ ಹಿಂದಿನ ಸಂಗತಿಗಳನ್ನು ನೆನಪಿಸಿಕೊಂಡು ಹೇಳಿ ಬರೆಸಿದ ಪುಸ್ತಕ ಇದು ಎಂಬುದನ್ನು ಓದುವಾಗ ಮರೆಯಬಾರದು.

ಅಂದಿನ ಫ್ರಾನ್ಸಿನಲ್ಲಿ ಅರಸರ ಜೀವನ ಚರಿತ್ರೆ ಬರೆಯುವುದು ಬಹುಪಾಲು ಮಠದ ಕೆಲಸವಾಗಿತ್ತು. ಪ್ಯಾರಿಸ್ ಬಳಿಯ ಸಾಂ ದೆನಿ ಮಠದಲ್ಲಿ ಅರಸರ ಸಮಾಧಿಗಳಿದ್ದವು. ಯುದ್ಧಕ್ಕೆ ಹೋಗುವ ಅರಸ ಕೈಗೆತ್ತಿಕೊಳ್ಳುವ ಧ್ವಜವೂ ಅಲ್ಲೇ ಇರುತ್ತಿತ್ತು. ಅವರ ಚರಿತ್ರೆಯೂ ಅಲ್ಲೇ ತಯಾರಾಗುತ್ತಿತ್ತು. ಮಠಾಧಿಪತಿ ಸ್ಯುಜೇರ್ ಆರನೆಯ ಲೂಯಿಯ ಬದುಕನ್ನು ಲ್ಯಾಟಿನ್‌ನಲ್ಲಿ ಬರೆದ. ಅದೇ ಮಠದ ಸನ್ಯಾಸಿ ರಿಗೋರ್ ಎರಡನೆಯ ಫಿಲಿಪ್‌ನಿಗೆ ‘ಅಗಸ್ಟಸ್’ ಎಂಬ ಬಿರುದನ್ನು ಅಂಟಿಸಿದವನು. ಇತಿಹಾಸದ ಪುಸ್ತಕಗಳು ಇಂದಿಗೂ ಆ ಅರಸನನ್ನು ಹಾಗೆಯೇ ಕರೆಯುತ್ತವೆ. ಪ್ರಿಮಾ ಎಂಬ ಇನ್ನೊಬ್ಬ ಸನ್ಯಾಸಿ ಮಠದ ಲ್ಯಾಟಿನ್ ಚರಿತ್ರೆಗಳನ್ನು ಫ್ರೆಂಚಿಗೆ ತಂದು 1274ರಲ್ಲಿ ಮೂರನೆಯ ಫಿಲಿಪ್‌ಗೆ ಒಪ್ಪಿಸಿದ. ‘ಫ್ರಾನ್ಸಿನ ಮಹಾ ವೃತ್ತಾಂತಗಳು’ ಎಂದು ಮುಂದೆ ಬೆಳೆದ ಸರಣಿಗೆ ಅದೇ ಬುನಾದಿ. ಒಂಬತ್ತನೆಯ ಲೂಯಿಯ ವಿಷಯದಲ್ಲಿ ಇವರೊಂದಿಗೆ ಇನ್ನೊಂದು ಗುಂಪೂ ಸೇರಿಕೊಂಡಿತು. ಅರಸನ ಪಾಪನಿವೇದನೆ ಕೇಳುತ್ತಿದ್ದ ಡೊಮಿನಿಕನ್ ಪಾದ್ರಿ ಜೊಫ್ರುವಾ ದ ಬೋಲ್ಯು, ರಾಣಿಯ ಪಾಪನಿವೇದನೆ ಕೇಳುತ್ತಿದ್ದ ಫ್ರಾನ್ಸಿಸ್ಕನ್ ಗಿಯೋಮ್ ದ ಸಾಂ ಪಾತ್ಯು ಮೊದಲಾದವರು ಬರೆದದ್ದು ಸಂತನ ಚರಿತ್ರೆ: ಉಪವಾಸ, ದಾನ, ಕುಷ್ಠರೋಗಿಗಳ ಸೇವೆ, ಪವಾಡ. ಈ ಬರಹಗಳಲ್ಲಿ ಅರಸನ ಮುಖದ ಬದಲು ಪ್ರಭಾವಳಿಯಷ್ಟೇ ಕಾಣುತ್ತದೆ. ಫ್ರೆಂಚ್ ಇತಿಹಾಸಕಾರ ಜಾಕ್ ಲೆ ಗಾಫ್ 1996ರಲ್ಲಿ ಈ ಅರಸನ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ, ಸಂತ ಲೂಯಿ ನಿಜಕ್ಕೂ ಇದ್ದನೇ ಎಂಬ ಪ್ರಶ್ನೆಗೇ ಒಂದು ಭಾಗವನ್ನು ಮೀಸಲಿಡಬೇಕಾಗಿ ಬಂದದ್ದು ಇದರಿಂದಲೇ. ಇದ್ದನೆಂದು ನಂಬಲು ಅವರು ಆತುಕೊಂಡ ಸಾಕ್ಷಿಗಳಲ್ಲಿ ಜ್ವಾಂವಿಲ್ ಮುಖ್ಯನಾದವನು.

ಈ ಪುಸ್ತಕದಲ್ಲಿ ಅರಸ ಜೀವಂತವಾಗಿ ಕಾಣುವುದಕ್ಕೆ ಕಾರಣವನ್ನು ಹುಡುಕುತ್ತ ನಾನು ಎರಡು ಬಾರಿ ಓದಿದೆ. ಲೇಖಕ ಅವನನ್ನು ಮೆಚ್ಚಿದ್ದಾನೆ ಎಂಬುದು ಕಾರಣವಲ್ಲ; ಸನ್ಯಾಸಿಗಳೂ ಮೆಚ್ಚಿದ್ದರು. ಜ್ವಾಂವಿಲ್ ಅವನ ಮಾತಿಗೆ ಎದುರಾಡಿದ್ದಾನೆ, ಹಾಗೆ ಎದುರಾಡಿದ್ದನ್ನು ಮುಚ್ಚಿಡದೆ ಬರೆದಿದ್ದಾನೆ, ಅದೇ ಕಾರಣ. ಆರಂಭದಲ್ಲೇ ಬರುವ ಪ್ರಸಂಗವೊಂದನ್ನು ನೋಡಿ. ಇಬ್ಬರು ಸನ್ಯಾಸಿಗಳನ್ನು ಎದುರಿಗೆ ಕೂರಿಸಿಕೊಂಡು ಅರಸ ಕೇಳುತ್ತಾನೆ: ಕುಷ್ಠ ಬರುವುದು ಮೇಲೋ, ಮಹಾಪಾಪವೊಂದನ್ನು ಮಾಡುವುದು ಮೇಲೋ? ಅವನಿಗೆ ಎಂದೂ ಸುಳ್ಳು ಹೇಳದ ತಾನು, ಕುಷ್ಠಕ್ಕಿಂತ ಮೂವತ್ತು ಪಾಪಗಳಾದರೂ ಪರವಾಗಿಲ್ಲ ಎಂದೆ, ಎನ್ನುತ್ತಾನೆ ಜ್ವಾಂವಿಲ್. ಸನ್ಯಾಸಿಗಳು ಹೋದ ಮೇಲೆ ಅರಸ ಅವನೊಬ್ಬನನ್ನೇ ಕರೆದು ಪಾದದ ಬಳಿ ಕೂರಿಸಿಕೊಂಡು, ದುಡುಕಿನ ಮಾತಾಡಿದೆಯೆಂದು ಗದರುತ್ತಾನೆ. ಪವಿತ್ರ ಗುರುವಾರದಂದು ಬಡವರ ಕಾಲು ತೊಳೆಯುತ್ತೀಯಾ ಎಂದು ಇನ್ನೊಮ್ಮೆ ಕೇಳಿದಾಗ, ಅಂಥ ಹಳ್ಳಿಗರ ಕಾಲನ್ನು ನಾನು ತೊಳೆಯುವವನಲ್ಲ ಎಂಬ ಉತ್ತರ ಬರುತ್ತದೆ. ಈ ಉತ್ತರಗಳು ಲೇಖಕನಿಗೆ ಗೌರವ ತರುವಂಥವಲ್ಲ. ಪ್ರಶಸ್ತಿ ಬರೆಯುವವನು ಇವನ್ನು ಬಿಟ್ಟುಬಿಡುತ್ತಿದ್ದ, ಇಲ್ಲವೇ ತಾನು ಕೂಡಲೇ ತಿದ್ದಿಕೊಂಡೆನೆಂದು ಸೇರಿಸುತ್ತಿದ್ದ. ಜ್ವಾಂವಿಲ್ ಎರಡನ್ನೂ ಮಾಡುವುದಿಲ್ಲ. ಅದರ ಫಲವಾಗಿ ಅರಸನ ಧರ್ಮನಿಷ್ಠೆ ಉಪದೇಶದ ಧಾಟಿಯನ್ನು ಬಿಟ್ಟು, ಪಕ್ಕದಲ್ಲಿ ಕೂತ ಸಾಧಾರಣ ಮನುಷ್ಯನೊಬ್ಬನಿಗೆ ಸ್ವಲ್ಪ ಭಾರವೇ ಎನಿಸುವ ಗುಣವಾಗಿ ಕಾಣುತ್ತದೆ. ಹಾಗೆ ಕಂಡಾಗಲೇ ಅದು ನಿಜವೆಂದು ನಂಬಿಕೆಯಾಗುತ್ತದೆ.

ಲೂಯಿ ಆಳಿದ್ದು 1226ರಿಂದ 1270ರವರೆಗೆ, ನಲವತ್ತನಾಲ್ಕು ವರ್ಷ. ಪುಸ್ತಕದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಭಾಗ 1248ರಿಂದ 1254ರವರೆಗಿನ ಆರು ವರ್ಷಗಳಿಗೆ ಮೀಸಲಾಗಿದೆ, ಏಕೆಂದರೆ ಜ್ವಾಂವಿಲ್ ಅರಸನ ಜೊತೆಯಲ್ಲಿ ಬಿಡದೆ ಇದ್ದದ್ದು ಆಗಲೇ. ಚರಿತ್ರೆಯ ದೃಷ್ಟಿಯಿಂದ ಇದು ಓರೆಕೋರೆಯ ಹಂಚಿಕೆ. ವಾಂಸೆನ್ ಕಾಡಿನಲ್ಲಿ ಓಕ್ ಮರಕ್ಕೆ ಒರಗಿ ಕೂತು ಅರಸ ನ್ಯಾಯ ಹೇಳುತ್ತಿದ್ದ ಚಿತ್ರ, ಮುಂದೆ ಫ್ರಾನ್ಸಿನ ಶಾಲಾಮಕ್ಕಳೆಲ್ಲರಿಗೂ ಪರಿಚಿತವಾದದ್ದು, ಇಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಆದರೆ ಆ ಆರು ವರ್ಷಗಳ ಬರವಣಿಗೆಗೆ ಸಾಟಿಯಿಲ್ಲ. ಮನೆ ಬಿಟ್ಟು ಹೊರಟಾಗ, ಚೆಂದದ ಕೋಟೆಯನ್ನೂ ಇಬ್ಬರು ಮಕ್ಕಳನ್ನೂ ನೋಡಿ ಮನಸ್ಸು ಕರಗೀತೆಂದು ಹಿಂದಿರುಗಿ ನೋಡದೆ ನಡೆದದ್ದು. ಈಜಿಪ್ಟಿನ ಮನ್ಸೂರಾದ ಕಾಳಗದ ನಡುವೆ ಸೇತುವೆ ಕಾಯುತ್ತ ನಿಂತಾಗ ಸುವಾಸೋಂ ಕೌಂಟ್ ಅವನಿಗೆ, ಈ ದಿನದ ಕಥೆಯನ್ನು ನಾವಿನ್ನೂ ಹೆಂಗಸರ ಅಂತಃಪುರದಲ್ಲಿ ಕೂತು ಹೇಳಲಿಕ್ಕಿದೆ ಎಂದು ತಮಾಷೆ ಮಾಡಿದ್ದು. ರಾತ್ರಿ ಹಾರಿ ಬರುವ ‘ಗ್ರೀಕ್ ಬೆಂಕಿ’ ಎಂಬ ಉರಿಯುವ ಅಸ್ತ್ರಕ್ಕೆ ಪೀಪಾಯಿಯಷ್ಟು ಗಾತ್ರ, ಈಟಿಯಷ್ಟು ಉದ್ದದ ಬಾಲ, ಸಿಡಿಲಿನ ಸದ್ದು ಇತ್ತೆಂದು ಅಳತೆ ಕೊಡುವುದು. ಬಿಡಾರದಲ್ಲಿ ಒಸಡು ಕೊಳೆಯುವ ರೋಗ ಹಬ್ಬಿ, ಕ್ಷೌರಿಕರು ಸತ್ತ ಮಾಂಸವನ್ನು ಕತ್ತರಿಸುವಾಗ ಗಂಡಸರು ಹೆರಿಗೆ ನೋವಿನ ಹೆಂಗಸರಂತೆ ಕೂಗುತ್ತಿದ್ದದ್ದು. 1250ರ ಫೆಬ್ರವರಿಯಲ್ಲಿ ಅರಸನ ತಮ್ಮ ರೊಬೆರ್ ಮನ್ಸೂರಾ ಪೇಟೆಯೊಳಕ್ಕೆ ದುಡುಕಿ ನುಗ್ಗಿ ಸತ್ತ. ಏಪ್ರಿಲ್‌ನಲ್ಲಿ ಅರಸ, ಜ್ವಾಂವಿಲ್, ಉಳಿದ ಸೈನ್ಯ ಎಲ್ಲವೂ ಸೆರೆಯಾಯಿತು.

ಬಿಡುಗಡೆಯ ಹಣದ ಪ್ರಸಂಗವನ್ನು ನಾನು ಈ ಪುಸ್ತಕದ ಕೇಂದ್ರವೆಂದು ಎಣಿಸುತ್ತೇನೆ. ಒಪ್ಪಂದದ ಪ್ರಕಾರ ನೈಲ್ ನದಿ ಬಿಡುವ ಮುಂಚೆ ಎರಡು ಲಕ್ಷ ಲಿವ್ರ್ (ಅಂದಿನ ಫ್ರೆಂಚ್ ಹಣ) ಸಲ್ಲಬೇಕು. ತಕ್ಕಡಿಯಲ್ಲಿ ತೂಗಿ ತೂಗಿ ಕೊಡುತ್ತ ಎರಡು ದಿನ ಕಳೆದಾಗ ಮೂವತ್ತು ಸಾವಿರ ಕಡಿಮೆ ಬೀಳುತ್ತದೆ. ಟೆಂಪ್ಲರ್ ಯೋಧ ಸನ್ಯಾಸಿಗಳ ಹಡಗಿನಲ್ಲಿ ಜನ ಇರಿಸಿದ ಇಡುಗಂಟು ಇದೆ. ನಂಬಿ ಇಟ್ಟವರ ಹಣವನ್ನು ಬೇರೆಯವರಿಗೆ ಕೊಡುವುದಿಲ್ಲವೆಂದು ಅವರು ಪ್ರಮಾಣ ಮಾಡಿದ್ದಾರೆ. ಜ್ವಾಂವಿಲ್ ಹಡಗಿಗೆ ಹೋಗಿ ಕೊಡಲಿ ಎತ್ತಿ, ಇದೇ ಅರಸನ ಬೀಗದ ಕೈ ಎನ್ನುತ್ತಾನೆ. ಬಲಾತ್ಕಾರವೆಂಬ ನೆಪ ದೊರೆತದ್ದರಿಂದ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಅರಸನ ಕಡೆಯವನೊಬ್ಬ, ತೂಕದಲ್ಲಿ ಹತ್ತು ಸಾವಿರ ಲಿವ್ರ್‌ನಷ್ಟು ಎದುರಾಳಿಗಳಿಗೆ ಮೋಸ ಮಾಡಿದೆವೆಂದು ಬೀಗುತ್ತಾನೆ. ಜ್ವಾಂವಿಲ್ ಅವನ ಕಾಲು ತುಳಿದು, ಇವನು ತಮಾಷೆ ಮಾಡುತ್ತಿದ್ದಾನೆಂದು ಮಾತು ಹಾರಿಸಲು ನೋಡುತ್ತಾನೆ. ಅರಸ ಸಿಟ್ಟಾಗಿ, ಆ ಹಣವನ್ನೂ ಕೊಡಲೇಬೇಕೆಂದು ಆಜ್ಞೆ ಮಾಡುತ್ತಾನೆ. ಸಾಂ ಪಾತ್ಯುವಿನಂಥ ಪಾದ್ರಿಯ ಕೈಗೆ ಸಿಕ್ಕಿದ್ದರೆ ಇದು ಅರಸನ ಸತ್ಯಸಂಧತೆಗೆ ಇನ್ನೊಂದು ದೃಷ್ಟಾಂತವಾಗಿ ಮುಗಿಯುತ್ತಿತ್ತು. ಇಲ್ಲಿ ಕೊಡಲಿ ಇದೆ, ಕಾಲು ತುಳಿದದ್ದಿದೆ, ಸಾವಿನ ದವಡೆಯಿಂದ ಒಮ್ಮೆ ಹೊರಟುಬಿಟ್ಟರೆ ಸಾಕೆಂದು ಕಾಯುತ್ತಿರುವ ಜನರ ಚಡಪಡಿಕೆ ಇದೆ. ಆ ನಡುವೆ ನಿಂತದ್ದರಿಂದ ಅರಸನ ಹಟಕ್ಕೆ ತೂಕ ಬಂದಿದೆ.

ರಾಣಿ ಮಾರ್ಗೆರೀತಳ ಬಗ್ಗೆ ಬರೆದ ಪುಟಗಳನ್ನೂ ತಪ್ಪಿಸಬಾರದು. ಗಂಡ ಸೆರೆಯಾದ ಸುದ್ದಿ ಈಜಿಪ್ಟಿನ ದಮಿಯೆಟಾ ನಗರದಲ್ಲಿದ್ದ ಆಕೆಗೆ ತಲಪಿದ್ದು ಹೆರಿಗೆಗೆ ಮೂರು ದಿನ ಮೊದಲು. ಹಾಸಿಗೆಯ ಪಕ್ಕದಲ್ಲಿ ಕಾವಲಿದ್ದ ಎಂಬತ್ತರ ಮುದುಕ ನೈಟ್‌ನ ಮುಂದೆ ಮಂಡಿಯೂರಿ, ನಗರ ಶತ್ರುಗಳ ಕೈಸೇರಿದರೆ ನನ್ನ ತಲೆ ಕಡಿದುಬಿಡಬೇಕು ಎಂದು ಮಾತು ತೆಗೆದುಕೊಂಡಳು. ನಾನೂ ಅದನ್ನೇ ಯೋಚಿಸಿದ್ದೆ ಅಮ್ಮಾ ಎಂಬ ಅರ್ಥದ ಉತ್ತರ ಆತನಿಂದ ಬಂತು. ಹುಟ್ಟಿದ ಮಗುವಿಗೆ, ಆ ದುಃಖದ ನೆನಪಿಗೆ, ತ್ರಿಸ್ತಾನ್ ಎಂಬ ಹೆಸರಾಯಿತು. ಅದೇ ದಿನ ಇಟಲಿಯ ವರ್ತಕರು ನಗರ ಬಿಟ್ಟು ಓಡಲಿದ್ದಾರೆಂದು ತಿಳಿದು, ಅವರನ್ನು ಬಾಣಂತಿ ಕೋಣೆಗೇ ಕರೆಸಿ, ನಗರದಲ್ಲಿರುವ ಆಹಾರವನ್ನೆಲ್ಲ ಅರಸನ ಖರ್ಚಿನಲ್ಲಿ ಕೊಳ್ಳುವುದಾಗಿ ಹೇಳಿ ಆಕೆ ನಿಲ್ಲಿಸಿಕೊಂಡಳು. ಇಷ್ಟು ಗಟ್ಟಿ ಹೆಂಗಸನ್ನು ಅತ್ತೆ ಬ್ಲಾಂಷ್ ಹೇಗೆ ನಡೆಸಿಕೊಂಡಳೆಂಬುದೂ ಇಲ್ಲಿದೆ: ಪೊಂತ್ವಾಜ್ ಅರಮನೆಯಲ್ಲಿ ಗಂಡ ಹೆಂಡಿರು ಸುರುಳಿ ಮೆಟ್ಟಿಲಲ್ಲಿ ಕದ್ದು ಮಾತಾಡುತ್ತಿದ್ದರಂತೆ, ತಾಯಿ ಬರುತ್ತಿದ್ದಾಳೆಂದು ಕಂಡರೆ ಬಾಗಿಲ ಭಟರು ಕೋಲಿನಿಂದ ಬಾಗಿಲು ಬಡಿದು ಸೂಚನೆ ಕೊಡುತ್ತಿದ್ದರಂತೆ. ಬ್ಲಾಂಷ್ ತೀರಿಕೊಂಡ ಸುದ್ದಿ ಬಂದಾಗ ಮಾರ್ಗೆರೀತ್ ಅಳುತ್ತಿದ್ದುದನ್ನು ಕಂಡ ಜ್ವಾಂವಿಲ್, ನೀವು ಅಷ್ಟೊಂದು ದ್ವೇಷಿಸುತ್ತಿದ್ದವಳಿಗಾಗಿ ಅಳುವುದೇಕೆ ಎಂದು ನೇರವಾಗಿ ಕೇಳುತ್ತಾನೆ. ಅಳು ಅವಳಿಗಾಗಿ ಅಲ್ಲ, ಅರಸನ ಸಂಕಟಕ್ಕಾಗಿ, ಅಜ್ಜಿಯ ಆರೈಕೆ ತಪ್ಪಿದ ಮಗಳಿಗಾಗಿ ಎನ್ನುತ್ತಾಳೆ ರಾಣಿ. ಐದು ವರ್ಷ ಜೊತೆಗಿದ್ದರೂ ಅರಸ ತನ್ನ ಬಳಿ ಹೆಂಡತಿಯ ಬಗ್ಗೆಯಾಗಲಿ ಮಕ್ಕಳ ಬಗ್ಗೆಯಾಗಲಿ ಒಂದು ಮಾತೂ ಆಡಿರಲಿಲ್ಲ, ಇದು ಒಳ್ಳೆಯ ನಡತೆಯಲ್ಲವೆಂದು ನನಗೆ ತೋರುತ್ತದೆ ಎಂದು ಲೇಖಕ ಇನ್ನೊಂದು ಕಡೆ ಬರೆದಿದ್ದಾನೆ. ಚರ್ಚು ಸಂತನೆಂದು ಸಾರಿ ಹನ್ನೆರಡು ವರ್ಷ ಕಳೆದವನ ಬಗ್ಗೆ, ಅವನ ಮರಿಮಗನಿಗೇ ಅರ್ಪಿಸಿದ ಪುಸ್ತಕದಲ್ಲಿ, ಈ ವಾಕ್ಯವಿದೆ.

ಜಗಳವಾಡಬಲ್ಲ ಸ್ನೇಹ ಅದು. ಸಂಬಳದ ಕರಾರು ಹೊಸದು ಮಾಡುವಾಗ ಜ್ವಾಂವಿಲ್ ಹೆಚ್ಚಿನ ಹಣ ಕೇಳುವುದಿಲ್ಲ. ನಾನು ಏನಾದರೂ ಕೇಳಿದಾಗ ನೀವು ಸಿಟ್ಟಾಗಬೇಡಿ, ನೀವು ಇಲ್ಲವೆಂದಾಗ ನಾನೂ ಸಿಟ್ಟಾಗುವುದಿಲ್ಲ ಎಂಬ ಕರಾರು ಕೇಳುತ್ತಾನೆ. ಅರಸ ಗಟ್ಟಿಯಾಗಿ ನಗುತ್ತಾನೆ. ಹಿಂದಿರುಗುವಾಗ ಇಯೇರ್ ಊರಿನಲ್ಲಿ ಕ್ಲೂನಿಯ ಮಠಾಧಿಪತಿ ಅರಸನಿಗೂ ರಾಣಿಗೂ ಬೆಲೆಬಾಳುವ ಒಂದೊಂದು ಕುದುರೆಯನ್ನು ಕಾಣಿಕೆ ಕೊಟ್ಟು, ಮರುದಿನ ತನ್ನ ಅಹವಾಲು ಹೇಳಲು ಬರುತ್ತಾನೆ. ಅರಸ ಬಹಳ ಹೊತ್ತು ತಾಳ್ಮೆಯಿಂದ ಕೇಳುತ್ತಾನೆ. ಆತ ಹೋದ ಮೇಲೆ ಜ್ವಾಂವಿಲ್, ನಿನ್ನೆ ಕುದುರೆ ಕೊಟ್ಟದ್ದಕ್ಕೇ ಇಷ್ಟು ತಾಳ್ಮೆಯೋ ಎಂದು ಕೇಳಿದಾಗ ಅರಸ ಯೋಚಿಸಿ ಹೌದೆನ್ನುತ್ತಾನೆ. ಹಾಗಾದರೆ ನಿಮ್ಮ ನ್ಯಾಯಾಧಿಕಾರಿಗಳು ಕಕ್ಷಿಗಾರರಿಂದ ಏನನ್ನೂ ತೆಗೆದುಕೊಳ್ಳದಂತೆ ಕಟ್ಟಪ್ಪಣೆ ಮಾಡಿ ಎಂಬ ಸಲಹೆ ಆಗ ಬರುತ್ತದೆ. ಲಂಚದ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸೊಗಸಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

1270ರಲ್ಲಿ ಅರಸ ಮತ್ತೆ ಕ್ರುಸೇಡಿಗೆ ಹೊರಟಾಗ ಜ್ವಾಂವಿಲ್ ಹೋಗಲಿಲ್ಲ. ಹಿಂದಿನ ಸಲ ತಾನು ಸಮುದ್ರದಾಚೆ ಇದ್ದಾಗ ಅರಸನ ಅಧಿಕಾರಿಗಳೇ ತನ್ನ ಪ್ರಜೆಗಳನ್ನು ಹಾಳುಮಾಡಿದರು, ಅವರನ್ನು ಕಾಯುವುದೇ ದೇವರಿಗೆ ಮೆಚ್ಚಿಗೆ ಎಂದು ಕಾರಣ ಕೊಟ್ಟ. ಆ ಯಾತ್ರೆಗೆ ಸಲಹೆ ಕೊಟ್ಟವರೆಲ್ಲ ಮಹಾಪಾಪ ಮಾಡಿದರು ಎಂದೂ ಬರೆದ; ಏಕೆಂದರೆ ಅರಸ ಆಗ ಎಷ್ಟು ಸೊರಗಿದ್ದನೆಂದರೆ, ಬೀಳ್ಕೊಡುವ ದಿನ ಒಂದು ಮನೆಯಿಂದ ಮಠದವರೆಗೆ ಅವನನ್ನು ತನ್ನ ತೋಳುಗಳಲ್ಲಿ ಎತ್ತಿಕೊಂಡು ಹೋದವನು ಇವನೇ.

ಇನ್ನು ಆವೃತ್ತಿಯ ವಿಚಾರ. ಅನುವಾದಕಿ ಕ್ಯಾರೊಲಿನ್ ಸ್ಮಿತ್ ಜ್ವಾಂವಿಲ್‌ನ ಕಾಲದ ಕ್ರುಸೇಡುಗಳ ಮೇಲೆಯೇ ಸಂಶೋಧನಾ ಗ್ರಂಥ ಬರೆದವರು. ಪ್ರಸ್ತಾವನೆ ಮತ್ತು ಟಿಪ್ಪಣಿಗಳಲ್ಲಿ ಆ ತಿಳಿವಳಿಕೆ ಕಾಣುತ್ತದೆ. ಇದೇ ಮಾಲೆಯಲ್ಲಿ 1963ರಲ್ಲಿ ಬಂದಿದ್ದ ಎಂ. ಆರ್. ಬಿ. ಶಾ ಅವರ ಅನುವಾದ ನುಣುಪಾದದ್ದು. ಕಥೆಯನ್ನು ಅಧ್ಯಾಯಗಳಾಗಿ ಒಡೆದು ಶೀರ್ಷಿಕೆ ಕೊಟ್ಟು ಓದುಗರ ಕೈಹಿಡಿದು ನಡೆಸುತ್ತದೆ. ಸ್ಮಿತ್ ಅವರ ಗದ್ಯ ಅಷ್ಟು ನುಣುಪಲ್ಲ. ಹೇಳುತ್ತ ಹೇಳುತ್ತ ಬೇರೆ ಕಡೆ ಹೋಗಿ, ಮೊದಲಿನ ವಿಷಯಕ್ಕೆ ಬರೋಣ ಎಂದು ಮರಳುವ ಮುದುಕನ ಮಾತಿನ ಜಾಡು ಅದರಲ್ಲಿ ಉಳಿದಿದೆ. ನನಗೆ ಇದೇ ಹೆಚ್ಚು ಹಿಡಿಸಿತು, ಏಕೆಂದರೆ ಜ್ವಾಂವಿಲ್ ಬರೆದವನಲ್ಲ, ಹೇಳಿದವನು. ನೈಟ್, ಲಿವ್ರ್, ಬೆಜಾಂಟ್, ಸೆನೆಷಲ್ ಮುಂತಾದ ಮಾತುಗಳ ಪರಿಚಯವಿಲ್ಲದವರು ಮೊದಲ ಐವತ್ತು ಪುಟ ಟಿಪ್ಪಣಿಗಳ ಕಡೆಗೆ ಆಗಾಗ ತಿರುಗಬೇಕಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಆದರೆ ಪ್ರಕಾಶಕರು ಎರಡು ಕೃತಿಗಳನ್ನೂ ಒಂದೇ ನೊಗಕ್ಕೆ ಕಟ್ಟಿರುವುದರಿಂದ, ಸ್ಯುಜೇರ್, ರಿಗೋರ್, ಬೋಲ್ಯು ಮುಂತಾದವರ ಸಾಲಿನಲ್ಲಿ ಜ್ವಾಂವಿಲ್‌ನನ್ನು ಇಟ್ಟು ನೋಡುವ ಅವಕಾಶ ಓದುಗರಿಗೆ ತಪ್ಪಿಹೋಗುತ್ತದೆ. ಜ್ವಾಂವಿಲ್ ಜೊತೆಗೆ ಆ ಪಾದ್ರಿಗಳ ಬರಹದ ಇಪ್ಪತ್ತು ಪುಟಗಳನ್ನಾದರೂ ಸೇರಿಸಿದ್ದರೆ, ಇವನು ಎಷ್ಟು ಬೇರೆಯವನೆಂಬುದು ತಾನಾಗಿ ತಿಳಿಯುತ್ತಿತ್ತು.

ಹಣ ಖರ್ಚು ಮಾಡುವ ಮುಂಚೆ ರುಚಿ ನೋಡಬೇಕೆನ್ನುವವರಿಗೆ 1908ರಲ್ಲಿ ಎವ್ರಿಮನ್ಸ್ ಲೈಬ್ರರಿಯಲ್ಲಿ ಬಂದ ಫ್ರಾಂಕ್ ಮಾರ್ಜಿಯಲ್ಸ್ ಅವರ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಹಳೆಯದಾದರೂ ಕಥೆ ಕೆಡುವುದಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಫ್ರೆಂಚ್ 13568 ಎಂಬ ಸಂಖ್ಯೆಯ ಹಸ್ತಪ್ರತಿಯನ್ನೂ ತೆರೆದು ನೋಡಬೇಕು. ಅರಮನೆಗೆ ಒಪ್ಪಿಸಿದ ಮೂಲ ಪ್ರತಿ ಉಳಿದಿಲ್ಲ. ಇದು ಹದಿನಾಲ್ಕನೆಯ ಶತಮಾನದ ನಕಲು, ಬ್ರಸೆಲ್ಸ್‌ನಲ್ಲಿದ್ದು, 1746ರಲ್ಲಿ ಫ್ರೆಂಚ್ ಸೈನ್ಯ ಆ ನಗರವನ್ನು ಹಿಡಿದಾಗ ಪ್ಯಾರಿಸ್‌ಗೆ ಬಂದದ್ದು. ಅದು ಕೈಸೇರುವವರೆಗೆ ಫ್ರಾನ್ಸಿನಲ್ಲಿ ಅಚ್ಚಾಗುತ್ತಿದ್ದದ್ದು ಭಾಷೆಯನ್ನು ಮನಬಂದಂತೆ ತಿದ್ದಿದ ಪಾಠಗಳು. ಮೊದಲ ಪುಟದಲ್ಲೇ ಲೇಖಕ ಅರಸನ ಮರಿಮಗ ಲೂಯಿಗೆ ಪುಸ್ತಕ ಒಪ್ಪಿಸುತ್ತಿರುವ ಚಿತ್ರವಿದೆ.

ಕೊನೆಯ ಪುಟಗಳನ್ನು ಓದುವಾಗ ಒಂದು ಸಂಗತಿಯನ್ನು ಗಮನಿಸಿ. ಅರಸ ಸತ್ತ ಮೇಲೆ ಜ್ವಾಂವಿಲ್‌ಗೆ ಒಂದು ಕನಸು ಬೀಳುತ್ತದೆ: ತನ್ನ ಕೋಟೆಯ ಪ್ರಾರ್ಥನಾಮಂದಿರದ ಮುಂದೆ ಅರಸ ನಿಂತಿದ್ದಾನೆ, ಸಂತೋಷವಾಗಿದ್ದಾನೆ. ಶೆವಿಯೋಂ ಹಳ್ಳಿಯಲ್ಲಿ ನನ್ನದೊಂದು ಮನೆಯಿದೆ, ಅಲ್ಲಿ ನಿಮಗೆ ಬಿಡಾರ ಮಾಡಿಕೊಡುತ್ತೇನೆ ಎಂದು ಇವನು ಹೇಳಿದಾಗ, ಇಲ್ಲಿಂದ ಇಷ್ಟು ಬೇಗ ಹೋಗುವ ಮನಸ್ಸಿಲ್ಲ ಎಂದು ಅರಸ ನಗುತ್ತಾನೆ. ಎದ್ದ ಮೇಲೆ ಇವನು ಆ ಮಂದಿರದಲ್ಲಿ ಅರಸನ ಹೆಸರಿನಲ್ಲಿ ಒಂದು ಪೂಜಾವೇದಿಕೆಯನ್ನು ಕಟ್ಟಿಸಿದ. ಸಂತನ ತಲೆಬುರುಡೆಯನ್ನು 1306ರಲ್ಲಿ ನಾಲ್ಕನೆಯ ಫಿಲಿಪ್ ಪ್ಯಾರಿಸ್‌ನ ಸಾಂತ್ ಶಾಪೆಲ್‌ಗೆ ಮೆರವಣಿಗೆಯಲ್ಲಿ ತರಿಸಿಕೊಂಡಿದ್ದ. ಇಪ್ಪತ್ತೆರಡು ವರ್ಷ ಜೊತೆಗಿದ್ದವನ ಬಳಿ ಗೆಳೆಯನ ಅವಶೇಷದ ಒಂದು ತುಣುಕೂ ಇರಲಿಲ್ಲ. ಆ ವೇದಿಕೆಗೆಂದು ಸ್ವಲ್ಪವನ್ನಾದರೂ ಕೊಡಿ ಎಂಬ ಬೇಡಿಕೆಯನ್ನು ಅವನು ಈ ಪುಸ್ತಕದ ಕೊನೆಯಲ್ಲಿ ಅರಸನ ಮರಿಮಗನ ಮುಂದೆ ಇಟ್ಟಿದ್ದಾನೆ.